ಬೋನಸ್ ಅಂಕಕ್ಕೆ ಯಾರೂ ಒಳಗೆ ಬರುವುದಿಲ್ಲ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯ ಅಂಗಳದಲ್ಲಿ ನಾನು ಮೈಕ್ ಹಿಡಿಯುತ್ತಿರುವುದು ಇದೇ ಮೊದಲು. ಓದುವಾಗ ಪ್ರಾರ್ಥನೆಯ ಹೊತ್ತಿನಲ್ಲಿ ದಿನಪತ್ರಿಕೆಯ ಸುದ್ದಿ ಓದಲು ಕರೆದರೆ ಹಿಂದಿನವನ ಬೆನ್ನಿಗೆ ಅಡಗುತ್ತಿದ್ದವ ನಾನು. ಇವತ್ತು ಸಂಘಟಕರು ಫೋನ್ ಮಾಡಿ, "ನೀವು ಬೆಂಗಳೂರಿನಲ್ಲಿ ದೊಡ್ಡ ಇಂಜಿನಿಯರ್ ಇದ್ದೀರಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದರು. ನಾನು, "ಕಂಪ್ಯೂಟರ್ ಬಗ್ಗೆ ಇನ್ನೊಮ್ಮೆ ಹೇಳ್ತೀನ್ರಿ, ಈ ಸಲ ಕಬಡ್ಡಿ ಬಗ್ಗೆ ಹೇಳ್ತೀನಿ" ಎಂದೆ. ಅವರು ನಕ್ಕರು. ಆದರೆ ನಾನು ಚೇಷ್ಟೆಗೆ ಹೇಳಿದ್ದಲ್ಲ.

ಬೆಂಗಳೂರಿನಲ್ಲಿ ನಿಮ್ಮ ಊರು ಯಾವುದು ಎಂದು ಕೇಳುತ್ತಾರೆ. ಗೋಗಿ ಎನ್ನುತ್ತೇನೆ. ಇತಿಹಾಸ ಓದಿದವರಿದ್ದರೆ, "ಬಿಜಾಪುರದ ಆದಿಲ್‌ಶಾಹಿ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾಹನ ಸಮಾಧಿ ಇರುವ ಗೋಗಿಯೇ?" ಎನ್ನುತ್ತಾರೆ. ಹೌದು, ನಮ್ಮ ಚಂದಾ ಹುಸೇನಿ ದರ್ಗಾದ ಗೋಗಿಯೇ. ಪೇಪರ್ ಓದುವವರಿದ್ದರೆ, "ಯುರೇನಿಯಂ ಸಿಕ್ಕ ಗೋಗಿಯೇ?" ಎನ್ನುತ್ತಾರೆ. ಅದೂ ಹೌದು. ಆದರೆ ನನಗೆ ಗೋಗಿ ಎಂದ ಕೂಡಲೇ ನೆನಪಾಗುವುದು ಈ ಶಾಲೆಯ ಹಿಂದಿನ ಆ ಒಂದು ಅಂಕಣ. ಅಲ್ಲಿ ನಾನು ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ, ಅಂದರೆ 2003ರಿಂದ 2006ರವರೆಗೆ, ಕಬಡ್ಡಿ ಆಡಿದೆ. ಪುಸ್ತಕದಲ್ಲಿ ಓದಿದ್ದು ನನ್ನನ್ನು ಇಂಜಿನಿಯರ್ ಮಾಡಿತು. ಆ ಅಂಕಣದಲ್ಲಿ ಕಲಿತಿದ್ದು ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂದು ಹೇಳಬೇಕೆಂದಿದೆ. ಆದರೆ ಅದು ಅರ್ಧ ಸತ್ಯ. ಅಲ್ಲಿ ಕಲಿತ ಒಂದು ಪಾಠವನ್ನು ನಾನು ಬಹಳ ವರ್ಷ ಮರೆತಿದ್ದೆ. ಅದನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಲಿಕ್ಕೇ ಇವತ್ತು ಬಂದಿದ್ದೇನೆ.

ಈಗಿನ ಮಕ್ಕಳು ಟಿವಿಯಲ್ಲಿ ನೋಡುವ ಕಬಡ್ಡಿ ಬಣ್ಣದ ಮ್ಯಾಟ್ ಮೇಲೆ, ಬೂಟು ಹಾಕಿಕೊಂಡು ಆಡುವಂಥದ್ದು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕು, ಮಳೆಗಾಲದಲ್ಲಿ ಎಳೆದರೂ ಬಾರದ ಕೆಸರು. ದಸರಾ ಹತ್ತಿರ ಬಂತೆಂದರೆ ನಾವೇ ಮನೆಯಿಂದ ಗುದ್ದಲಿ ತಂದು ನೆಲ ಅಗೆದು, ಹೆಂಟೆ ಒಡೆದು, ಹಳ್ಳದಿಂದ ಉಸುಕು ತಂದು ಹರವುತ್ತಿದ್ದೆವು. ಬೂದಿಯಿಂದ ಗೆರೆ. ದೊಡ್ಡವರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಪಿ.ಟಿ. ಸರ್ ಅದನ್ನು ಹಗ್ಗಕ್ಕೆ ಗಂಟು ಹಾಕಿ ಅಳೆಯುತ್ತಿದ್ದರು. ಗಣಿತದ ಪಿರಿಯಡ್‌ನಲ್ಲಿ ತಲೆಗೆ ಹೋಗದ ಲಂಬಕೋನ ನನಗೆ ಆ ಹಗ್ಗದಿಂದ ತಿಳಿಯಿತು.

ತಂಡದಲ್ಲಿ ಹನ್ನೆರಡು ಜನ, ಅಂಕಣದಲ್ಲಿ ಏಳು ಜನ. ಆ ಹನ್ನೆರಡು ಜನ ಊರಿನ ಎಲ್ಲ ಓಣಿಗಳಿಂದ ಬಂದವರು. ಇದನ್ನು ಹಿರಿಯರ ಮುಂದೆ ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ಅದುವರೆಗೆ ನಾನು ಕೆಲವು ಓಣಿಗಳಿಗೆ ಹೋದವನೇ ಅಲ್ಲ. ಕೆಲವರ ಮನೆಯಲ್ಲಿ ನೀರು ಕುಡಿದವನಲ್ಲ, ಕೆಲವರಿಗೆ ನಮ್ಮ ಮನೆಯಲ್ಲಿ ನೀರು ಕೊಟ್ಟದ್ದನ್ನು ಕಂಡವನೂ ಅಲ್ಲ. ಕಬಡ್ಡಿಯಲ್ಲಿ ಚೈನ್ ಎಂದರೆ ಪಕ್ಕದವನ ಕೈಯನ್ನು ಗಟ್ಟಿಯಾಗಿ ಹಿಡಿಯಬೇಕು. ಬೆರಳ ತುದಿಯಿಂದ ಹಿಡಿದರೆ ರೈಡರ್ ಹರಿದುಕೊಂಡು ಹೋಗುತ್ತಾನೆ. ಮಣಿಕಟ್ಟು ಹಿಡಿದು, ಬೆವರಿಗೆ ಜಾರಿದರೆ ಮತ್ತೆ ಹಿಡಿದು, ಮೂರು ವರ್ಷ ಹಾಗೆ ಆಡಿದೆವು. ಆಟ ಮುಗಿದ ಮೇಲೆ ಒಂದೇ ಕೊಡ, ಒಂದೇ ಗ್ಲಾಸು. ಯಾರೂ ನಮಗೆ ಸಮಾನತೆಯ ಭಾಷಣ ಮಾಡಲಿಲ್ಲ. ಕೈ ಹಿಡಿಯದೆ ಗೆಲ್ಲಲಿಕ್ಕೆ ಆಗುವುದಿಲ್ಲ ಎಂಬುದು ಗೊತ್ತಾಯಿತು, ಅಷ್ಟೇ.

ನಮ್ಮ ಕ್ಯಾಪ್ಟನ್ ಬಗ್ಗೆ ಹೇಳಬೇಕು. ಅವನ ಹೆಸರು ಹೇಳುವುದಿಲ್ಲ. ನಿನ್ನೆ ರಾತ್ರಿ ಅವನ ಮನೆಯಲ್ಲಿ ಊಟಕ್ಕೆ ಕುಳಿತಾಗ, "ನಾಳೆ ನಿನ್ನ ವಿಷಯ ಹೇಳಲೇನಲೇ?" ಎಂದು ಕೇಳಿದೆ. "ಹೇಳು. ಆದರ ಹೆಸರು ಹೇಳಬ್ಯಾಡ, ಹೆಣ್ಣಮಕ್ಕಳು ತಿರುಗಿ ತಿರುಗಿ ನೋಡತಾರ" ಎಂದ. ಅವನು ಈಗಲೂ ಈ ಪೆಂಡಾಲಿನಲ್ಲೇ ಎಲ್ಲೋ ಹಿಂದೆ ನಿಂತಿದ್ದಾನೆ.

ಅವನು ನಮ್ಮ ರೈಡರ್. ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಹೋಗುತ್ತಿದ್ದ. ನಾನು ಎಡ ಕಾರ್ನರ್. ನನ್ನ ಕೆಲಸ ಪಾದ ಹಿಡಿಯುವುದು.

ಆಟ ಗೊತ್ತಿಲ್ಲದ ತಾಯಂದಿರಿಗಾಗಿ ಒಂದು ನಿಯಮ ಹೇಳುತ್ತೇನೆ. ನನ್ನ ಇವತ್ತಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಕಬಡ್ಡಿಯಲ್ಲಿ ಔಟ್ ಆದವನು ಮನೆಗೆ ಹೋಗುವುದಿಲ್ಲ. ಅಂಕಣದ ಹೊರಗೆ ಅವನಿಗೆಂದೇ ಒಂದು ಜಾಗ ಇರುತ್ತದೆ, ಅಲ್ಲಿ ಕೂರುತ್ತಾನೆ. ಅವನು ಎಷ್ಟೇ ದೊಡ್ಡ ಆಟಗಾರನಿದ್ದರೂ ತಾನಾಗಿಯೇ ಒಳಗೆ ಬರಲಾರ. ಒಳಗಿರುವ ಅವನ ಗೆಳೆಯರು ಎದುರಾಳಿಯನ್ನು ಮುಟ್ಟಿ ಬರಬೇಕು, ಇಲ್ಲವೇ ಹಿಡಿಯಬೇಕು. ಎದುರಿನವರು ಒಬ್ಬರು ಔಟ್ ಆದರೆ ನಮ್ಮವನೊಬ್ಬ ಒಳಗೆ ಬರುತ್ತಾನೆ. ಅದೂ ಸರದಿಯಂತೆ, ಮೊದಲು ಹೋದವನೇ ಮೊದಲು ಬರಬೇಕು. ಒಳ್ಳೆಯ ಆಟಗಾರ ಎಂದು ಸರದಿ ತಪ್ಪಿಸಿ ಕರೆಯುವಂತಿಲ್ಲ.

ಕ್ರಿಕೆಟ್‌ನಲ್ಲಿ ಔಟ್ ಆದವನಿಗೆ ಆ ಸರದಿಯ ಬ್ಯಾಟಿಂಗ್ ಮುಗಿಯಿತು. ನಮ್ಮ ಈ ಮಣ್ಣಿನ ಆಟದಲ್ಲಿ ಬೇರೆಯವರ ದುಡಿಮೆಯಿಂದ ನನಗೆ ಜೀವ ಬರುತ್ತದೆ, ನನ್ನ ದುಡಿಮೆಯಿಂದ ಅವರಿಗೆ.

ಇನ್ನೊಂದು ಸಣ್ಣ ನಿಯಮ ಇದೆ, ಬಹಳ ಜನ ಗಮನಿಸುವುದಿಲ್ಲ. ಎದುರಿನ ಅಂಕಣದಲ್ಲಿ ಆರು ಅಥವಾ ಏಳು ಜನ ಇರುವಾಗ ರೈಡರ್ ಬೋನಸ್ ಗೆರೆ ದಾಟಿ ಬಂದರೆ ಒಂದು ಅಂಕ. ಆದರೆ ಆ ಬೋನಸ್ ಅಂಕಕ್ಕೆ ಯಾರೂ ಒಳಗೆ ಬರುವುದಿಲ್ಲ. ಲೆಕ್ಕ ಏರುತ್ತದೆ, ರೈಡರ್‌ಗೆ ಚಪ್ಪಾಳೆ ಸಿಗುತ್ತದೆ, ಹೊರಗೆ ಕುಳಿತವನು ಅಲ್ಲೇ ಕುಳಿತಿರುತ್ತಾನೆ. ಈ ಮಾತು ನೆನಪಿನಲ್ಲಿಡಿ, ಮತ್ತೆ ಇದಕ್ಕೇ ಬರುತ್ತೇನೆ.

2005ರಲ್ಲಿ ನಾವು ಶಹಾಪುರದಲ್ಲಿ ತಾಲ್ಲೂಕು ಮಟ್ಟ ಗೆದ್ದೆವು. ಆಗ ಯಾದಗಿರಿ ಜಿಲ್ಲೆ ಇನ್ನೂ ಆಗಿರಲಿಲ್ಲ, ಗುಲಬರ್ಗಾ ಜಿಲ್ಲೆಯಲ್ಲಿದ್ದೆವು. ಜಿಲ್ಲಾ ಮಟ್ಟಕ್ಕೆ ಗುಲಬರ್ಗಾಕ್ಕೆ ಹೋದೆವು. ನಮ್ಮಲ್ಲಿ ಏಳೆಂಟು ಜನ ಗುಲಬರ್ಗಾ ನೋಡುತ್ತಿದ್ದುದು ಅದೇ ಮೊದಲು. ರೊಟ್ಟಿ ಬುತ್ತಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು.

ಆ ಪಂದ್ಯ ನಾವು ಸೋತೆವು. ಸೋಲಿಸಿದವನು ನಾನು. ಕೊನೆಯ ಎರಡು ನಿಮಿಷ ಬಾಕಿ, ನಾವು ಒಂದು ಅಂಕ ಮುಂದೆ. ಅವರ ರೈಡರ್ ಬಂದ. ಸುಮ್ಮನೆ ಹಿಂದೆ ಸರಿದು ಅವನನ್ನು ಖಾಲಿ ಕಳಿಸಿದ್ದರೆ ಸಾಕಿತ್ತು. ಸರ್ ಹೊರಗಿನಿಂದ, "ಬಿಡು, ಬಿಡು" ಎಂದು ಕೂಗುತ್ತಿದ್ದರು. ಅಷ್ಟು ಜನರ ಮುಂದೆ ಹೆಸರು ಮಾಡಬೇಕೆಂಬ ಆಸೆ ನನಗೆ. ಪಾದಕ್ಕೆ ಹಾರಿದೆ. ಕೈ ಜಾರಿತು. ನನ್ನ ನೆರವಿಗೆ ಬಂದ ಕವರ್‌ನವನನ್ನೂ ಸೇರಿಸಿ ಇಬ್ಬರನ್ನು ಮುಟ್ಟಿ ಅವನು ಗೆರೆ ಸೇರಿದ. ಅವರಿಗೆ ಎರಡು ಅಂಕ. ಉಳಿದ ಹೊತ್ತಿನಲ್ಲಿ ನಮ್ಮ ಕ್ಯಾಪ್ಟನ್ ಮಾಡಿದ ರೈಡ್ ಖಾಲಿ ಹೋಯಿತು. ಒಂದು ಅಂಕದಿಂದ ಸೋತೆವು.

ನಾನು ಕವರ್‌ನವನ ಮೇಲೆ ಹಾಕಿದೆ. "ಅಂವಾ ತಡಾ ಮಾಡಿ ಬಂದ್ರೀ ಸರ್" ಎಂದೆ. ಸರ್ ಬೈಯಲಿಲ್ಲ. "ನೀ ಹಾರಿದಿ ಅಂತ ಅಂವಾ ಬಂದ. ನೀ ಹಾರದಿದ್ರ ಅಂವಾ ಯಾಕ ಬರತಿದ್ದ?" ಎಂದರು. ಆಮೇಲೆ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಆ ಮಾತೇ ಎತ್ತಲಿಲ್ಲ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಿಟಕಿಯಲ್ಲಿ ಕಾಣುವ ಹೊತ್ತಿಗೆ ನಾನೇ ಎದ್ದು ಹೋಗಿ ಆ ಗೆಳೆಯನಿಗೆ, "ತಪ್ಪು ನಂದು" ಎಂದೆ.

ಇದು ಸಣ್ಣ ಘಟನೆ. ಆದರೆ ಹದಿನೈದು ವರ್ಷಗಳ ನಂತರ, ನಾನು ಬರೆದ ನಾಲ್ಕು ಸಾಲಿನ ಪ್ರೋಗ್ರಾಂನಿಂದ ಒಂದು ರಾತ್ರಿ ಗ್ರಾಹಕರ ಸೇವೆ ಮೂರು ತಾಸು ನಿಂತಿತು. ಮರುದಿನದ ಮೀಟಿಂಗ್‌ನಲ್ಲಿ ಪರೀಕ್ಷಿಸಿದವರು ಸರಿಯಾಗಿ ನೋಡಲಿಲ್ಲ ಎಂದು ಹೇಳಲು ನನಗೆ ದಾರಿ ಇತ್ತು. ನನ್ನ ಕಿವಿಯಲ್ಲಿ ಸರ್ ಮಾತು ಬಂತು. "ತಪ್ಪು ನನ್ನದು, ಹೀಗೆ ಆಯಿತು, ಹೀಗೆ ಸರಿ ಮಾಡಿದೆ" ಎಂದೆ. ಮಕ್ಕಳೇ, ತಂಡದಲ್ಲಿ ಕೆಲಸ ಮಾಡುವ ಜಾಗದಲ್ಲಿ ಜಾಣರು ಬಹಳ ಸಿಗುತ್ತಾರೆ. ತಪ್ಪು ನನ್ನದು ಎನ್ನುವವರು ಕಡಿಮೆ. ಅವರನ್ನೇ ಜನ ನಂಬುತ್ತಾರೆ.

ಅದೇ ಗುಲಬರ್ಗಾ ಪ್ರವಾಸದಲ್ಲಿ ಇನ್ನೊಂದು ನಡೆಯಿತು. ಊರು ತೋರಿಸಲು ಸರ್ ನಮ್ಮನ್ನು ನಡೆಸಿಕೊಂಡು ಹೋಗುವಾಗ ಒಂದು ದೊಡ್ಡ ಗೇಟು ಕಂಡಿತು. ಅದು ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು. 1958ರಲ್ಲಿ ಶುರುವಾದದ್ದು, ನಮ್ಮ ಭಾಗದ ಹಳೆಯ ಕಾಲೇಜು. ನಮಗದು ಏನೆಂದೂ ಗೊತ್ತಿಲ್ಲ. "ಇಲ್ಲಿ ಏನ್ ಕಲಸ್ತಾರ್ರೀ?" ಎಂದು ಕೇಳಿದೆ. "ಮಷೀನು, ಕಟ್ಟಡ, ಕಂಪ್ಯೂಟರು" ಎಂದರು. "ನಮ್ಮಂಥವ್ರು ಬರಬಹುದೇನ್ರೀ?" ಎಂದೆ. "ಗೇಟು ತೆರದೇ ಐತಲ್ಲ" ಎಂದರು. ಆ ದಿನದವರೆಗೆ ಶಹಾಪುರದಲ್ಲಿ ಒಂದು ಅಂಗಡಿ ಇಡಬೇಕು ಎಂಬುದೇ ನನ್ನ ದೊಡ್ಡ ಕನಸು. ಆಟ ಆಡದಿದ್ದರೆ ಆ ವಯಸ್ಸಿನಲ್ಲಿ ಆ ಗೇಟು ನೋಡುತ್ತಿರಲಿಲ್ಲ. ಹಳ್ಳಿಯ ಮಗುವಿಗೆ ಪಂದ್ಯಾಟ ಕೊಡುವ ದೊಡ್ಡ ಉಡುಗೊರೆ ಕಪ್ಪು ಮಾತ್ರ ಅಲ್ಲ, ಬಸ್ಸಿನ ಕಿಟಕಿಯೂ ಹೌದು.

ಈಗ ಕಷ್ಟದ ಮಾತು.

2006ರ ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದೆ. ನಮ್ಮ ಕ್ಯಾಪ್ಟನ್ ಗಣಿತದಲ್ಲಿ ಫೇಲಾದ. ಒಂದೇ ವಿಷಯ. 35 ಬೇಕಿತ್ತು, 29 ಬಂದಿತ್ತು. ಊರಿನಲ್ಲಿ ಹಲವರು, "ಕಬಡ್ಡಿ ಆಡಿ ಕೆಟ್ಟ" ಎಂದರು. ನಾನೂ ಅದೇ ಮೈದಾನದಲ್ಲಿ, ಅಷ್ಟೇ ಹೊತ್ತು ಆಡಿದವನು. ಆಟ ಅವನನ್ನು ಕೆಡಿಸಿದ್ದರೆ ನನ್ನನ್ನೂ ಕೆಡಿಸಬೇಕಿತ್ತು. ವ್ಯತ್ಯಾಸ ಇಷ್ಟೇ. ಆಟ ಮುಗಿಸಿ ನಾನು ಮನೆಗೆ ಹೋದರೆ ನಮ್ಮಪ್ಪ ಕಂದೀಲು ಹಚ್ಚಿಟ್ಟು ಓದು ಎನ್ನುತ್ತಿದ್ದ. ಅವನು ಮನೆಗೆ ಹೋದರೆ ಎಮ್ಮೆ ಕಾಯುತ್ತಿದ್ದವು, ಕಾಯಿಲೆಯ ತಂದೆ ಇದ್ದರು, ಇಬ್ಬರು ತಂಗಿಯರಿದ್ದರು.

ಜೂನ್‌ನಲ್ಲಿ ಪೂರಕ ಪರೀಕ್ಷೆ ಇತ್ತು. ಆ ಹೊತ್ತಿಗೆ ಅವನ ಮನೆಯವರು ಬೆಂಗಳೂರಿಗೆ ಗುಳೆ ಹೋಗಿದ್ದರು. ಅವನೂ ಹೋದ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟಡದ ಕೆಲಸ, ತಗಡಿನ ಶೆಡ್ಡು.

ಅವನು ಔಟ್ ಆಗಿದ್ದ. ನಾವು ಹನ್ನೊಂದು ಜನ ಒಳಗಿದ್ದೆವು. ಆರು ಅಂಕ. ನನಗೆ ಗಣಿತ ಬರುತ್ತಿತ್ತು. ಒಂದು ತಿಂಗಳು ಕೂತು ಹೇಳಿಕೊಟ್ಟಿದ್ದರೆ ಆರು ಅಂಕ ಬರುತ್ತಿರಲಿಲ್ಲವೇ? ಅಂಕಣದಲ್ಲಿ ಅವನು ನನ್ನನ್ನು ಎಷ್ಟು ಸಲ ಒಳಗೆ ತಂದಿದ್ದ ಎಂದು ಲೆಕ್ಕ ಇಟ್ಟವರಿಲ್ಲ. ಅವನು ಹೋಗುವ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕೈ ಬೀಸಿ ಬಂದೆ. ಅಷ್ಟೇ ಮಾಡಿದ್ದು. ಕಾಲೇಜು ಸೇರುವ ಸಡಗರದಲ್ಲಿದ್ದೆ. ನಾನು ನನ್ನ ಬೋನಸ್ ಅಂಕ ತೆಗೆದುಕೊಂಡಿದ್ದೆ.

ಎರಡು ವರ್ಷದ ನಂತರ ನಾನು ಇಂಜಿನಿಯರಿಂಗ್ ಸೇರಿದೆ. ಹತ್ತರವರೆಗೆ ಕನ್ನಡ ಮಾಧ್ಯಮ. ತರಗತಿಯಲ್ಲಿ ಪಾಠ ಇಂಗ್ಲಿಷ್, ಪಕ್ಕದವರ ಮಾತು ಇಂಗ್ಲಿಷ್. ಮೊದಲ ವರ್ಷದಲ್ಲಿ ಎರಡು ವಿಷಯ ಹೋದವು. ಬಟ್ಟೆ ಗಂಟು ಕಟ್ಟಿ ಊರಿಗೆ ಬಂದುಬಿಡುವ ಯೋಚನೆ ಮಾಡಿದೆ. ಯಾರಿಂದಲೋ ಸುದ್ದಿ ತಿಳಿದು ಕ್ಯಾಪ್ಟನ್ ಬೆಂಗಳೂರಿನಿಂದ ಫೋನ್ ಮಾಡಿದ. ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಔಟ್ ಆದವ ಗೆರಿ ಹೊರಗ ಕುಂಡ್ರಬೇಕಲೇ, ಮನಿಗಿ ಹೋಗಬಾರದು. ಅಲ್ಲೇ ಕುಂಡ್ರು" ಎಂದ. ಊರಿಗೆ ಜಾತ್ರೆಗೆ ಬರುತ್ತಿದ್ದ ಒಬ್ಬರ ಕೈಯಲ್ಲಿ ಪರೀಕ್ಷೆಯ ಫೀಸಿಗೆಂದು ಸಾವಿರ ರೂಪಾಯಿ ಕಳಿಸಿದ. ನಾನು ಅಲ್ಲೇ ಕುಳಿತೆ. ಹಾಸ್ಟೆಲ್‌ನ ಒಬ್ಬ ಗೆಳೆಯ ಪ್ರತಿ ರಾತ್ರಿ ಒಂದು ತಾಸು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಎರಡೂ ವಿಷಯ ಬಂದವು. 2012ರಲ್ಲಿ ಬಿ.ಇ. ಮುಗಿಸಿದೆ.

ಇಂಟರ್‌ವ್ಯೂಗೆ ಬೆಂಗಳೂರಿಗೆ ಹೋದಾಗ ಮೂರು ರಾತ್ರಿ ಮಲಗಿದ್ದು ಅವನ ಶೆಡ್ಡಿನಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಡ್ರಮ್ಮಿನ ನೀರನ್ನು ನನಗೆಂದು ಕಾಯಿಸಿ ಇಟ್ಟು ಅವನು ಕೆಲಸಕ್ಕೆ ಹೋಗುತ್ತಿದ್ದ. ಅಂಗಿಗೆ ಇಸ್ತ್ರಿ ಹೊರಗೆ ಮಾಡಿಸಿಕೊಂಡು ಬಂದಿದ್ದ. ಇಂಟರ್‌ವ್ಯೂನಲ್ಲಿ ನನ್ನನ್ನು, "ಒಬ್ಬ ನಾಯಕನ ಬಗ್ಗೆ ಹೇಳಿ" ಎಂದು ಕೇಳಿದರು. ನನ್ನ ಒಡಕು ಇಂಗ್ಲಿಷಿನಲ್ಲಿ ಅವನ ಬಗ್ಗೆಯೇ ಹೇಳಿದೆ. ಕೆಲಸ ಸಿಕ್ಕಿತು. ಆಮೇಲೆ ನಾನು ಏರುತ್ತಾ ಹೋದೆ. ಸಂಬಳ ಏರಿತು, ಮನೆ ಆಯಿತು, ಕಾರು ಆಯಿತು. ಲೆಕ್ಕದಲ್ಲಿ ಅಂಕ ಏರುತ್ತಲೇ ಇತ್ತು. ಹೊರಗೆ ಕುಳಿತವನು ಹೊರಗೇ ಇದ್ದ.

ಎರಡು ವರ್ಷದ ಹಿಂದೆ ಅವನು ಊರಿಗೆ ಮರಳಿ ಬಂದು ಲಾವಣಿಗೆ ಹೊಲ ಮಾಡುತ್ತಿದ್ದಾನೆ. ಅವನ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿ, ಕಬಡ್ಡಿ ಆಡುತ್ತಾಳೆ. ನಿನ್ನೆ ಊಟದ ಹೊತ್ತಿಗೆ ನಾನು, "ಆಗ ನಾವು ನಿನ್ನ ಕರಕೊಂಡು ಬರಬೇಕಿತ್ತು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಹೋಗಲಿ ಬಿಡು. ಈ ಹುಡುಗಿಗಿ ಗಣಿತ ಬರಂಗಿಲ್ಲ, ಅದನ್ನ ನೋಡು" ಎಂದ.

ಹಿರಿಯರೇ, ಇದು ಅವನೊಬ್ಬನ ಕತೆಯಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 73.40 ಇತ್ತು. ನಮ್ಮ ಯಾದಗಿರಿ ಜಿಲ್ಲೆಯದು ಶೇ 50.59, ಎಲ್ಲ ಜಿಲ್ಲೆಗಳ ಕೊನೆಗೆ. ಅಂದರೆ ಪರೀಕ್ಷೆ ಬರೆದ ಇಬ್ಬರಲ್ಲಿ ಒಬ್ಬ ಮಗು ಔಟ್. ಏಳು ಜನರ ತಂಡದಲ್ಲಿ ಮೂರು ಮಂದಿ ಹೊರಗೆ ಕುಳಿತರೆ ಆ ತಂಡ ಹೇಗೆ ಆಡುತ್ತದೆ ಎಂಬುದು ಇಲ್ಲಿರುವ ಆಟಗಾರರಿಗೆ ಗೊತ್ತು.

ಆದರೆ ಆಟದ ನಿಯಮ ಈಗ ನಮ್ಮ ಕಡೆಗೂ ಸ್ವಲ್ಪ ಬಂದಿದೆ. 2023-24ರಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಸಿಕ್ಕಿತು. ನಮ್ಮ ಕಾಲದಲ್ಲಿ ಇಲ್ಲದ 371(ಜೆ) ಈಗ ಇದೆ. ಅದರಿಂದ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲಿವೆ. ಗೇಟು ನಮ್ಮ ಕಾಲಕ್ಕಿಂತ ದೊಡ್ಡದಾಗಿ ತೆರೆದಿದೆ. ಆದರೆ ಹತ್ತನೇ ತರಗತಿಯಲ್ಲೇ ಮನೆಗೆ ಹೋದವನಿಗೆ ಆ ಗೇಟು ಇದ್ದೂ ಇಲ್ಲದಂತೆ.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ನಮ್ಮ ಕಾಲದಲ್ಲಿ ಹುಡುಗಿಯರು ಗೋಡೆಯ ಪಕ್ಕ ನಿಂತು ನೋಡುತ್ತಿದ್ದರು. ಔಟ್ ಆದವನಾದರೂ ಒಳಗೆ ಬರುತ್ತಾನೆ, ಅಂಕಣಕ್ಕೇ ಇಳಿಸದವರು ಎಲ್ಲಿಂದ ಬರಬೇಕು? ಕಾರ್ಕಳ ತಾಲ್ಲೂಕಿನ ಹೆರ್ಮುಂಡೆ ಎಂಬ ಹಳ್ಳಿಯ ಮಮತಾ ಪೂಜಾರಿ ಅವರು 2012ರ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕಿಯಾಗಿ ಕಪ್ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ರೈಲ್ವೆಯಲ್ಲಿ ಕೆಲಸ ಪಡೆದರು. ಎಲ್ಲ ಮಕ್ಕಳೂ ಹಾಗಾಗುತ್ತಾರೆ ಎಂದು ನಾನು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಪ್ರೊ ಕಬಡ್ಡಿ ಸೇರುವವರು ಲಕ್ಷಕ್ಕೊಬ್ಬರು. ಆದರೆ ಮೂರು ವರ್ಷ ಆಡಿದ ಹುಡುಗಿ, ಮದುವೆ ಬೇಡ, ಓದುತ್ತೇನೆ ಎಂದು ಅಪ್ಪನ ಮುಂದೆ ನಿಂತು ಹೇಳುವ ದಮ್ಮು ಗಳಿಸುತ್ತಾಳೆ. ಕಬಡ್ಡಿಯಲ್ಲಿ ನಾವು ಕಲಿಸುವುದೇ ದಮ್ಮು ಹಿಡಿಯುವುದನ್ನು. ಆಕೆ ಹಾಗೆ ಹೇಳಿದ ದಿನ, ಅಪ್ಪಂದಿರೇ, ದಯವಿಟ್ಟು ಕೇಳಿಸಿಕೊಳ್ಳಿ.

ಸೋತವರು ಮತ್ತೆ ಬರುವುದು ದೊಡ್ಡ ಆಟದಲ್ಲೂ ಇದೆ. 1990ರಲ್ಲಿ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದಾಗಿನಿಂದ 2014ರವರೆಗೆ ಏಳು ಸಲವೂ ನಮ್ಮ ಪುರುಷರೇ ಚಿನ್ನ ಗೆದ್ದರು. 2018ರಲ್ಲಿ ಜಕಾರ್ತದಲ್ಲಿ ಇರಾನ್ ವಿರುದ್ಧ ಸೆಮಿಫೈನಲ್‌ನಲ್ಲಿ ಸೋತರು. ಭಾರತದ ಕಬಡ್ಡಿ ಮುಗಿಯಿತು ಎಂದವರಿದ್ದರು. ತಂಡ ಮನೆಗೆ ಹೋಗಲಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ಅದೇ ಇರಾನ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಚಿನ್ನ ತಂದರು. ಗೆರೆಯ ಪಕ್ಕ ಕುಳಿತವರಿಗೆ ಮಾತ್ರ ಮತ್ತೆ ಕರೆ ಬರುತ್ತದೆ.

ಈಗ ಮುಖ್ಯ ಮಾತು. 2006ರ ತಂಡದವರಲ್ಲಿ ಒಂಬತ್ತು ಜನ ನಿನ್ನೆ ಸೇರಿದ್ದೆವು. ಒಬ್ಬರು ಶಿಕ್ಷಕರು, ಒಬ್ಬರು ಪೊಲೀಸ್, ಇಬ್ಬರು ಒಕ್ಕಲುತನ, ಒಬ್ಬರು ಮೆಡಿಕಲ್ ಅಂಗಡಿ, ಹೀಗೆ. ಕಪ್ಪು, ಬನಿಯನ್ನು, ಮ್ಯಾಟ್ ಕೊಡುವ ಮಾತು ಮೊದಲು ಬಂತು. ಅದನ್ನೂ ಕೊಡುತ್ತೇವೆ. ಆದರೆ ಮ್ಯಾಟ್ ಕೊಟ್ಟು ಫೋಟೊ ತೆಗೆಸಿಕೊಂಡು ಹೋದರೆ ಅದೂ ಒಂದು ಬೋನಸ್ ಅಂಕವೇ. ಆದ್ದರಿಂದ ಇನ್ನೊಂದು ತೀರ್ಮಾನ ಮಾಡಿದ್ದೇವೆ.

ಮುಂದಿನ ವರ್ಷದಿಂದ, ಪರೀಕ್ಷೆ-1ರ ಫಲಿತಾಂಶ ಬಂದ ವಾರದೊಳಗೆ, ಗುರುಗಳ ಒಪ್ಪಿಗೆ ಪಡೆದು, ಫೇಲಾದ ಮಕ್ಕಳ ಪಟ್ಟಿ ಹಿಡಿದು ನಾವು ಮನೆಮನೆಗೆ ಹೋಗುತ್ತೇವೆ. ಒಬ್ಬೊಬ್ಬರು ಇಬ್ಬರು ಮಕ್ಕಳ ಹೊಣೆ. ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಇಲ್ಲಿಯೇ. ನಾನು ದೂರದಲ್ಲಿರುವುದರಿಂದ ಪ್ರತಿ ರಾತ್ರಿ ಎಂಟರಿಂದ ಒಂಬತ್ತು ಫೋನಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಬರುತ್ತೇನೆ. ಪರೀಕ್ಷೆಯ ಫೀಸು ನಮ್ಮದು. ಗುಳೆ ಹೋಗುವ ಮನೆಗಳಲ್ಲಿ ಒಂದೇ ಬೇಡಿಕೆ ಇಡುತ್ತೇವೆ. ದೊಡ್ಡವರು ಹೋಗ್ರಿ, ಪರೀಕ್ಷೆ ಮುಗಿಯುವವರೆಗೆ ಹುಡುಗನನ್ನು ಮುತ್ಯಾನ ಹತ್ತಿರವೋ ನಮ್ಮ ಹತ್ತಿರವೋ ಬಿಟ್ಟು ಹೋಗ್ರಿ.

ಮತ್ತೆ ಸರದಿ ತಪ್ಪಿಸುವುದಿಲ್ಲ. ಜಾಣ ಹುಡುಗ, ಬೇಕಾದವರ ಹುಡುಗ ಎಂದು ಆರಿಸುವುದಿಲ್ಲ. ಮೊದಲು ಹೋದವನು ಮೊದಲು ಒಳಗೆ ಬರಬೇಕು. ಹಿಂದಿನ ವರ್ಷಗಳಲ್ಲಿ ಫೇಲಾಗಿ ಕುಳಿತವರೂ ಬರಬಹುದು. ಮೂವತ್ತು ದಾಟಿದವರೂ ಬರಬಹುದು. ಈ ಕೊನೆಯ ಮಾತು ಹಿಂದೆ ನಿಂತವನಿಗೆ ಕೇಳಿಸಲಿ ಎಂದೇ ಜೋರಾಗಿ ಹೇಳುತ್ತಿದ್ದೇನೆ. ಮಗಳ ಜೊತೆ ನೀನೂ ಕೂರಬಹುದು, ಆರೇ ಅಂಕ ಬಾಕಿ.

ಮಕ್ಕಳೇ, ಆಡಿ. ಓದು ಕೆಡುತ್ತದೆ ಎಂದು ಹೆದರಿಸಿದರೆ ಒಂದು ತಾಸು ಆಡಿ, ಎರಡು ತಾಸು ಓದಿ ತೋರಿಸಿ. ಗೆದ್ದಾಗ ಪಕ್ಕದವನ ಹೆಸರು ಹೇಳಿ, ಸೋತಾಗ ನಿಮ್ಮ ಹೆಸರು ಹೇಳಿ. ಮುಂದೆ ನೀವು ಎಲ್ಲಿ ಹೋಗಿ ಏನೇ ಆದರೂ ಆಗಾಗ ತಿರುಗಿ ಗೆರೆಯ ಹೊರಗೆ ನೋಡಿ. ಅಲ್ಲಿ ನಿಮ್ಮವರು ಯಾರೋ ಕುಳಿತಿರುತ್ತಾರೆ.

ನಮಗೆ ಹಗ್ಗದಲ್ಲಿ ಗಂಟು ಹಾಕಿ ಅಂಕಣ ಅಳೆದುಕೊಟ್ಟ ಗುರುಗಳ ಪಾದಕ್ಕೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.